ಲೇಡಿ ಡಾಕ್ಟರು ಇದ್ದಾರಾ?

ನಮ್ಮ ಕಳವಾರದ ಕಡೆಯಿಂದ ಹೆಂಗಸೊಬ್ಬಳನ್ನು ಹೆರಿಗೆಗೆಂದು ಆಟೋದಲ್ಲಿ ಕೂರಿಸಿಕೊಂಡು ಚಿಕ್ಕಬಳ್ಳಾಪುರಕ್ಕೆ ಹೋದರೆ, ಆಸ್ಪತ್ರೆಯ ಬಾಗಿಲಲ್ಲಿ ಅವಳ ಅತ್ತೆಯೋ ತಾಯಿಯೋ ಕೇಳುವ ಮೊದಲ ಮಾತು ಒಂದೇ: "ಲೇಡಿ ಡಾಕ್ಟರು ಇದ್ದಾರಾ?" ನಮ್ಮದು ಎರಡು ಭಾಷೆಯ ಸೀಮೆ. ತೆಲುಗು ಮನೆಮಾತಿನವರು "ಲೇಡಿ ಡಾಕ್ಟರು ಉನ್ನಾರಾ?" ಎನ್ನುತ್ತಾರೆ. ಭಾಷೆ ಎರಡಾದರೂ ಆತಂಕ ಒಂದೇ. ಇದ್ದಾರೆ ಎಂದರೆ ಅರ್ಧ ನೋವು ಅಲ್ಲೇ ಇಳಿದಂತೆ. ಇಲ್ಲ ಎಂದರೆ ಇನ್ನೊಂದು ಆಸ್ಪತ್ರೆ, ಇನ್ನೊಂದು ಆಟೋ.

ಇಷ್ಟು ಹಂಬಲಿಸಿ ಕೇಳುವ ನಾವು, ಆ ಲೇಡಿ ಡಾಕ್ಟರು ಎಲ್ಲಿಂದ ಬರಬೇಕು ಎಂದು ಒಂದು ದಿನವಾದರೂ ಯೋಚಿಸಿದ್ದೇವೆಯೇ? ಯೋಚಿಸದಿದ್ದರೆ ಅಷ್ಟೇ ಹೋಯಿತು ಎನ್ನಬಹುದಿತ್ತು. ಬರುವವಳ ದಾರಿಗೆ ನಾವೇ ಅಡ್ಡ ನಿಲ್ಲುತ್ತೇವೆ ಎಂಬುದು ನನ್ನ ಆರೋಪ. ಆರೋಪಿಗಳ ಸಾಲಿನಲ್ಲಿ ಮೊದಲು ನಿಲ್ಲಬೇಕಾದವಳು ನಾನೇ. ಆದ್ದರಿಂದ ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ.

ನಾನು ಹೈಸ್ಕೂಲಿನಲ್ಲಿ ಕನ್ನಡವನ್ನೂ ಸಮಾಜ ಪಾಠವನ್ನೂ ಹೇಳಿಕೊಡುತ್ತಾ ತಲೆಗೂದಲು ಬೆಳ್ಳಗಾದವಳು. 2017ರಲ್ಲಿ ನಮ್ಮಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ಹುಡುಗಿಯೊಬ್ಬಳಿದ್ದಳು. ಕ್ರೈಸ್ತರ ಮನೆಯ ಮಗು. ತಂದೆ ಮನೆಗಳಿಗೆ ಸುಣ್ಣಬಣ್ಣ ಹೊಡೆಯುವವರು. ತಾಯಿ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ. ಅಂಕಪಟ್ಟಿ ತೆಗೆದುಕೊಳ್ಳಲು ತಾಯಿ ಮಗಳು ಇಬ್ಬರೂ ಬಂದಿದ್ದರು. "ಇವಳು ಡಾಕ್ಟ್ರು ಓದ್ತೀನಿ ಅಂತಾಳೆ ಮೇಡಂ, ಏನು ಮಾಡೋದು ಹೇಳಿ" ಎಂದು ತಾಯಿ ಕೇಳಿದರು. ನಾನು ಒಂದು ಕ್ಷಣವೂ ತಡೆಯದೆ ಹೇಳಿದೆ: "ಅದೆಲ್ಲ ದೊಡ್ಡ ಖರ್ಚಿನ ಬಾಬತ್ತು ಕಣಮ್ಮ. ನಿಮ್ಮವರಿಗೆ ನರ್ಸಿಂಗ್ ಚೆನ್ನಾಗಿ ಹೊಂದುತ್ತೆ. ಬೇಗ ಕೆಲಸ ಸಿಗುತ್ತೆ."

ನಿಮ್ಮವರಿಗೆ! ಎಷ್ಟು ಸಲೀಸಾಗಿ ಬಂತು ನೋಡಿ ಆ ಮಾತು. ನನಗೇನೂ ಕೆಟ್ಟ ಮನಸ್ಸಿರಲಿಲ್ಲ. ನರ್ಸ್ ಕೆಲಸ ಕೀಳು ಎಂದೂ ನಾನು ತಿಳಿದವಳಲ್ಲ. ನನ್ನ ಹಿರಿಮಗಳು ಹುಟ್ಟಿದ ರಾತ್ರಿ ನನ್ನ ಕೈ ಹಿಡಿದು ಕೂತಿದ್ದವರು ಒಬ್ಬ ಸಿಸ್ಟರ್. ಆ ಬೆಚ್ಚನೆಯ ಕೈಯನ್ನು ನಾನು ಇವತ್ತಿಗೂ ಮರೆತಿಲ್ಲ. ಆದರೆ ಆ ದಿನ ನಾನು ಹುಡುಗಿಯ ಅಂಕಗಳನ್ನು ನೋಡುವ ಮೊದಲು ಅವಳ ಹೆಸರನ್ನು ನೋಡಿದ್ದೆ. ವಿಜ್ಞಾನದಲ್ಲಿ ಅವಳಿಗಿಂತ ಕಡಿಮೆ ಬಂದಿದ್ದ ಇನ್ನೊಬ್ಬ ಹುಡುಗನಿಗೆ ಅದೇ ವಾರ ನಾನೇ "ಡಾಕ್ಟರ್ ಆಗಪ್ಪ" ಎಂದಿದ್ದೆ. ತಾಯಿ "ಆಗಲಿ ಮೇಡಂ" ಎಂದು ತಲೆಬಾಗಿ ಹೊರಟರು. ಹುಡುಗಿ ಮಾತ್ರ ಒಂದು ಸಲ ತಿರುಗಿ ನನ್ನನ್ನು ನೋಡಿದಳು. ಅವಳ ಪುಣ್ಯ, ನನ್ನ ಮಾತು ಕೇಳಲಿಲ್ಲ. ಪಿ.ಯು.ಸಿ.ಯಲ್ಲಿ ವಿಜ್ಞಾನ ತೆಗೆದುಕೊಂಡಳು. ಗ್ರಾಮೀಣ ಕೋಟಾದ ಆಸರೆಯೂ ಸೇರಿ 2019ರಲ್ಲಿ ಒಂದು ಸರ್ಕಾರಿ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಸೀಟು ಪಡೆದಳು.

"ನಿಮ್ಮವರಿಗೆ ನರ್ಸಿಂಗ್" ಎಂದೆನಲ್ಲ, ಚರಿತ್ರೆ ಪಾಠ ಮಾಡುವ ನನಗೇ ಚರಿತ್ರೆ ಗೊತ್ತಿರಲಿಲ್ಲ. ನಮ್ಮ ಸೀಮೆಯಲ್ಲಿ ಹೆಂಗಸರಿಗೆ ಹೆಂಗಸೇ ವೈದ್ಯಳಾಗಿ ಬಂದದ್ದು ಹೇಗೆ ಎಂದು ಆಮೇಲೆ ಹುಡುಕಿ ಓದಿದೆ. ಅಮೆರಿಕದ ಮಿಷನರಿ ಮನೆತನದ ಐಡಾ ಸ್ಕಡರ್ ಎಂಬ ಹುಡುಗಿ ತಿಂಡಿವನಂನಲ್ಲಿ ತಂದೆತಾಯಿಯರ ಜೊತೆಗಿದ್ದಾಗ ಒಂದೇ ರಾತ್ರಿ ಮೂರು ಮನೆಯ ಗಂಡಸರು ಬಂದು, ಹೆರಿಗೆ ಕಷ್ಟವಾಗಿದೆ, ನೀವು ಬನ್ನಿ ಎಂದು ಕರೆದರಂತೆ. ನನಗೆ ವೈದ್ಯ ಬಾರದು, ತಂದೆ ಬರುತ್ತಾರೆ ಎಂದರೆ, ಗಂಡಸು ಬೇಡ ಎಂದು ಮೂವರೂ ಹೊರಟುಹೋದರು. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ಸತ್ತಿದ್ದರು. ಆಕೆ ಹೋಗಿ ವೈದ್ಯ ಕಲಿತು 1900ರಲ್ಲಿ ವೆಲ್ಲೂರಿಗೆ ಮರಳಿದಳು. 1918ರಲ್ಲಿ ಹೆಂಗಸರಿಗಾಗಿಯೇ ಅಲ್ಲಿ ವೈದ್ಯಕೀಯ ಶಾಲೆ ತೆರೆದಳು. ಆ ಕಾಲೇಜಿಗೆ ಗಂಡು ಮಕ್ಕಳನ್ನು ಸೇರಿಸಿಕೊಂಡದ್ದು 1947ರಲ್ಲಿ! ಅದರ ಮೊದಲ ಭಾರತೀಯ ನಿರ್ದೇಶಕಿ ಹಿಲ್ಡಾ ಲಾಜರಸ್. ವಿಶಾಖಪಟ್ಟಣದ ಕ್ರೈಸ್ತರ ಮನೆಯ ಹೆಣ್ಣು, ಪ್ರಸೂತಿ ತಜ್ಞೆ.

ನಮ್ಮಲ್ಲೂ ಅಷ್ಟೇ. ಮೈಸೂರಿನವರು ಇಂದಿಗೂ ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರಲ್ಲಿ ಹೆಂಗಸರು ಮಕ್ಕಳಿಗೆಂದೇ ತೆರೆದದ್ದು. ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆ 1910ರದು. ನಮ್ಮ ಚಿಕ್ಕಬಳ್ಳಾಪುರದ ಸಿ.ಎಸ್.ಐ. ಆಸ್ಪತ್ರೆ ಲಂಡನ್ ಮಿಷನ್ನಿನವರು ಹುಟ್ಟುಹಾಕಿದ್ದು. ಬೆಂಗಳೂರಿನಲ್ಲಿ 1963ರಲ್ಲಿ ಶುರುವಾದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಹಿಂದೆ ಇದ್ದದ್ದೂ ಒಬ್ಬ ಹೆಂಗಸಿನ ಕನಸು. ಮೇರಿ ಗ್ಲೌರಿ ಎಂಬ ಆಸ್ಟ್ರೇಲಿಯದ ವೈದ್ಯೆ ಸನ್ಯಾಸಿನಿಯಾಗಿ 1920ರಲ್ಲಿ ಗುಂಟೂರಿಗೆ ಬಂದು ದಶಕಗಳ ಕಾಲ ಬಡ ಹೆಂಗಸರ ಸೇವೆ ಮಾಡಿ, 1957ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಇವರೆಲ್ಲ ಧರ್ಮಪ್ರಚಾರಕ್ಕೆ ಬಂದವರಲ್ಲವೇ ಎಂದು ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ಮಿಷನ್ನಿನವರು ಅದನ್ನೇನೂ ಮುಚ್ಚಿಟ್ಟಿರಲಿಲ್ಲ. ಆದರೆ ನಮ್ಮ ಅಜ್ಜಿಯರು ಆ ಬಾಗಿಲು ತಟ್ಟಿದರು, ಬದುಕಿ ಮನೆಗೆ ಬಂದರು, ತಮ್ಮ ದೇವರಿಗೇ ದೀಪ ಹಚ್ಚಿದರು. ಹೆಂಗಸೇ ಹೆಂಗಸಿನ ನಾಡಿ ಹಿಡಿಯಬೇಕು ಎಂಬ ನಮ್ಮ ಹಟವನ್ನು ನಡೆಸಿಕೊಟ್ಟವರಲ್ಲಿ ಆ ಸಮಾಜದ ಹೆಣ್ಣುಮಕ್ಕಳದು ದೊಡ್ಡ ಪಾಲು. ಅದೇ ಸಮಾಜದ ಹುಡುಗಿ ಡಾಕ್ಟರ್ ಆಗುತ್ತೇನೆ ಎಂದರೆ, ನಾನು ಮೆಟ್ಟಿಲ ಕೆಳಗೇ ನಿಲ್ಲಿಸಲು ನೋಡಿದೆ.

ಹುಡುಗಿ ಓದಿದಳು. ನಾಲ್ಕೂವರೆ ವರ್ಷದ ಓದು ಮುಗಿದ ಮೇಲೆ ಒಂದು ವರ್ಷ ಹೌಸ್ ಸರ್ಜನ್ ಕೆಲಸ. ಔಷಧ ವಿಭಾಗ, ಶಸ್ತ್ರಚಿಕಿತ್ಸೆ, ಹೆರಿಗೆ, ಮಕ್ಕಳ ವಿಭಾಗ, ಕಣ್ಣು, ಕಿವಿ, ಕ್ಯಾಷುಯಾಲ್ಟಿ, ಹಳ್ಳಿಯ ಆರೋಗ್ಯ ಕೇಂದ್ರ ಹೀಗೆ ಒಂದರಿಂದ ಒಂದಕ್ಕೆ ಸುತ್ತಬೇಕು. ಹೆಸರಿನ ಹಿಂದೆ ಡಾಕ್ಟರ್ ಎಂದು ಅಂಟಿದ್ದರೂ ರಕ್ತ ತೆಗೆಯುವವಳು ಅವಳೇ, ವರದಿ ಹಿಡಿದು ಓಡುವವಳು ಅವಳೇ, ದೊಡ್ಡವರ ಬೈಗುಳ ತಿನ್ನುವವಳೂ ಅವಳೇ. ಹೆರಿಗೆ ವಾರ್ಡಿನ ಪಾಳಿಯಲ್ಲಿದ್ದಾಗ ನನಗೊಮ್ಮೆ ಫೋನ್ ಮಾಡಿದ್ದಳು. "ಮೇಡಂ, ನಿನ್ನೆ ರಾತ್ರಿ ಒಬ್ಬರು ಅಜ್ಜಿ ನನ್ನ ಕೈ ಹಿಡ್ಕೊಂಡು ಲೇಡಿ ಡಾಕ್ಟರು ಇದ್ದಾರಾ ಅಂತ ಕೇಳಿದ್ರು. ನಾನೇ ಅಜ್ಜಿ ಅಂದೆ. ನೀನಲ್ಲಮ್ಮ, ದೊಡ್ಡೋರು ಅಂದ್ರು" ಎಂದು ನಕ್ಕಳು.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. 2024ರ ಆಗಸ್ಟ್ 9ರಂದು ಕಲ್ಕತ್ತೆಯ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿದ್ದ ಸ್ನಾತಕೋತ್ತರ ವೈದ್ಯೆಯ ಅತ್ಯಾಚಾರ, ಕೊಲೆಯ ಸುದ್ದಿ ಬಂತು. ಅದಕ್ಕೆ ಒಂದು ವರ್ಷ ಹಿಂದೆ, 2023ರ ಮೇ ತಿಂಗಳಲ್ಲಿ, ಕೇರಳದ ಕೊಟ್ಟಾರಕ್ಕರದ ತಾಲ್ಲೂಕು ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಹುಡುಗಿಯೊಬ್ಬಳನ್ನು ಪೊಲೀಸರು ಕರೆತಂದಿದ್ದ ಮನುಷ್ಯನೇ ಇರಿದು ಕೊಂದಿದ್ದ. ನನ್ನ ಶಿಷ್ಯೆಯ ತಾಯಿ ನಡುಗುತ್ತಾ ನಮ್ಮ ಮನೆಗೆ ಬಂದರು. "ಮೇಡಂ, ಓದಿದ್ದು ಸಾಕು, ಕರೆಸಿಬಿಡೋಣ ಅನ್ಸುತ್ತೆ" ಎಂದರು. ನೀವಾದರೂ ಹಾಗೇ ಹೇಳುತ್ತಿದ್ದಿರಿ. ನಾನೂ ಹೆತ್ತವಳೇ.

ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಭಯವಾಯಿತು ಎಂದು ಮಗಳನ್ನು ಕರೆಸಿಕೊಂಡರೆ ಆ ವಾರ್ಡಿನಲ್ಲಿ ನೋವು ತಿನ್ನುತ್ತಿರುವ ಇನ್ನೊಬ್ಬರ ಮಗಳ ಗತಿ ಏನು? ಕೆಲಸದ ಜಾಗ ಕೆಟ್ಟಿದ್ದರೆ ಅದನ್ನು ಸರಿಮಾಡಿ ಎಂದು ಕೂಗಬೇಕಾದವರು ನಾವು. ಅದನ್ನು ಬಿಟ್ಟು ಹೆಣ್ಣನ್ನು ಮನೆಗೆ ಕರೆಸುತ್ತೇವೆ. ಸ್ಥಾನಿಕ ವೈದ್ಯರ ಸತತ ಕೆಲಸ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದು ಎಂದು ಕೇಂದ್ರ ಸರ್ಕಾರ ಸೂಚನೆ ಹೊರಡಿಸಿದ್ದು 1992ರಲ್ಲಿ. ಅದಾಗಿ ಮೂವತ್ತು ವರ್ಷ ಮೀರಿದರೂ ಮಕ್ಕಳು ಮೂವತ್ತಾರು ಗಂಟೆ ಒಂದೇ ಸಮನೆ ದುಡಿಯುವುದನ್ನು ನಾವು ಕೇಳುತ್ತಲೇ ಇದ್ದೇವೆ. ಮಲಗಲು ಚಿಲಕವಿರುವ ಒಂದು ಕೋಣೆ, ಹೆಂಗಸರಿಗೆ ಬೇರೆ ಶೌಚಾಲಯ, ವಾರ್ಡಿನ ದಾರಿಯಲ್ಲಿ ಒಂದು ದೀಪ. ಇದೇನು ಚಂದ್ರಲೋಕದ ಬೇಡಿಕೆಯೇ? ಆಸ್ಪತ್ರೆಗೆ ಹೋದಾಗ ನಾವು ಹಾಸಿಗೆ ಸರಿಯಿಲ್ಲ ಎಂದು ಜಗಳ ಆಡುತ್ತೇವೆ. ಡಾಕ್ಟರಮ್ಮ ಎಲ್ಲಿ ಮಲಗುತ್ತಾಳೆ ಎಂದು ಒಬ್ಬರಾದರೂ ಕೇಳಿದ್ದೇವೆಯೇ?

ಹುಡುಗಿ ವಾಪಸು ಬರಲಿಲ್ಲ, ವರ್ಷ ಮುಗಿಸಿದಳು. ಮುಂದಿನದು ಸ್ನಾತಕೋತ್ತರ ಪ್ರವೇಶ ಪರೀಕ್ಷೆ. ಓದುತ್ತಲೇ ಮನೆಗೆ ನಾಲ್ಕು ಕಾಸು ಕಳಿಸಬೇಕಲ್ಲ ಎಂದು 2025ರ ಮೇ ತಿಂಗಳಲ್ಲಿ ಒಂದು ಖಾಸಗಿ ಆಸ್ಪತ್ರೆಯ ಡ್ಯೂಟಿ ಡಾಕ್ಟರ್ ಕೆಲಸಕ್ಕೆ ಸಂದರ್ಶನಕ್ಕೆ ಹೋದಳು. ಆ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಅವರೊಬ್ಬರನ್ನೇ ಬೈದರೆ ಮಿಕ್ಕವರು ಸಾಚಾ ಎಂದಾಗುತ್ತದೆ. ಅಲ್ಲಿ ನಡೆದದ್ದನ್ನು ಅವಳು ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಹೇಳಿದಳು.

ಮೇಜಿನ ಆಚೆ ಮೂವರು ಇದ್ದರಂತೆ. ಒಬ್ಬರು ಅರ್ಜಿ ನೋಡಿ, "ಓ, ಕ್ರಿಶ್ಚಿಯನ್ನಾ? ಭಾನುವಾರ ಚರ್ಚು ಅಂತ ರಜೆ ಕೇಳ್ತೀರಾ?" ಎಂದರು. ಇಲ್ಲ ಸರ್, ಪಾಳಿ ನೋಡಿಕೊಂಡು ಹೋಗ್ತೀನಿ ಎಂದಳು. ಇನ್ನೊಬ್ಬರು ನಗುತ್ತಾ, "ಪೇಷಂಟುಗಳ ಹತ್ರ ಮತಾಂತರ ಗಿತಾಂತರ ಏನೂ ಇಲ್ಲ ತಾನೆ?" ಎಂದರು. "ಸರ್, ಹೆರಿಗೆ ವಾರ್ಡಲ್ಲಿ ನೀರು ಕುಡಿಯೋಕೂ ಪುರುಸೊತ್ತು ಇರಲ್ಲ" ಎಂದಳಂತೆ. ಮೂರನೆಯವರು ಹೆಂಗಸು, ವಯಸ್ಸಾದ ಡಾಕ್ಟರು. ಅವರಾದರೂ ವೈದ್ಯದ ವಿಷಯ ಕೇಳುತ್ತಾರೆ ಎಂದುಕೊಂಡರೆ, "ಮದುವೆ ಯಾವಾಗ? ಸೇರಿ ಆರು ತಿಂಗಳಿಗೆ ಮದುವೆ, ವರ್ಷಕ್ಕೆ ಬಾಣಂತನ ಅಂದ್ರೆ ನಮಗೆ ಕಷ್ಟ" ಎಂದರು. ಸಂದರ್ಶನ ಮುಗಿಯಿತು. ರಕ್ತಸ್ರಾವ ನಿಲ್ಲದಿದ್ದರೆ ಮೊದಲು ಏನು ಮಾಡುತ್ತೀ? ಕೂಸು ಅಳದಿದ್ದರೆ ಏನು ಮಾಡುತ್ತೀ? ಒಂದು ಪ್ರಶ್ನೆಯೂ ಇಲ್ಲ.

ಹುಡುಗಿ ಅಳಲಿಲ್ಲ. ನಾನು ಕಡೆಯುತ್ತಿದ್ದ ಮಜ್ಜಿಗೆಯನ್ನು ನೋಡುತ್ತಾ, "ಮೇಡಂ, ಮೂರೂ ಪ್ರಶ್ನೆ ನಂಗೆ ಹೊಸದಲ್ಲ, ಮೊದಲೇ ಕೇಳಿದ್ವು" ಎಂದಳು. ಕಡಗೋಲು ನನ್ನ ಕೈಯಲ್ಲಿ ನಿಂತುಹೋಯಿತು. ಅವಳು ನನ್ನ ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಹೌದಲ್ಲವೇ ಅಕ್ಕತಂಗಿಯರೇ? ಆ ಪ್ರಶ್ನೆಗಳನ್ನು ಆಸ್ಪತ್ರೆಯವರು ಹೊಸದಾಗಿ ಕಂಡುಹಿಡಿದರೇ? ನಮ್ಮ ಪಡಸಾಲೆಗಳಲ್ಲಿ ಕಲಿತವು ಅವು. ಯಾವ ಜನ? ಮದುವೆ ಯಾವಾಗ? ಇನ್ನೂ ಎಷ್ಟು ಓದಿಸುತ್ತೀರಿ? ಬಾಡಿಗೆ ಮನೆ ಕೇಳಿಕೊಂಡು ಬಂದ ಹುಡುಗಿಗೂ ಇದೇ ಪ್ರಶ್ನೆ, ಮನೆಗೆ ಅರಿಶಿನ ಕುಂಕುಮಕ್ಕೆ ಬಂದವಳಿಗೂ ಇದೇ ಪ್ರಶ್ನೆ. ಕ್ರೈಸ್ತಳಾದರೆ ಮೊದಲ ಪ್ರಶ್ನೆ ಕೊಂಚ ಉದ್ದವಾಗುತ್ತದೆ, ಅಷ್ಟೇ. "ಮೊದಲಿಂದಲೂ ಅವರೇನಾ, ಇಲ್ಲಾ ಸೇರಿದವರಾ?" ಎಂದು ದನಿ ತಗ್ಗಿಸಿ ಕೇಳುತ್ತೇವೆ. ಮೂರು ತಲೆಮಾರಿನ ಹಿಂದೆ ಯಾರೋ ದೇವರು ಬದಲಿಸಿದರೂ ಜಾತಿಯನ್ನು ಮಾತ್ರ ನಾವು ಬದಲಾಗಲು ಬಿಟ್ಟಿಲ್ಲ.

ಮದುವೆಯ ಪ್ರಶ್ನೆಗೆ ಆಸ್ಪತ್ರೆಯವರದೂ ಒಂದು ಲೆಕ್ಕವಿದೆ, ಅದನ್ನೂ ಹೇಳುತ್ತೇನೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಬಹಳ ಒಳ್ಳೆಯದು. ಆದರೆ ಆ ಸಂಬಳದ ಹೊರೆಯನ್ನು ಕೆಲಸ ಕೊಟ್ಟವರ ತಲೆಗೇ ಕಟ್ಟಿದ್ದರಿಂದ, ಹೆಣ್ಣನ್ನು ತೆಗೆದುಕೊಳ್ಳುವ ಮೊದಲೇ ಅವಳ ಹೊಟ್ಟೆಯ ಲೆಕ್ಕ ಹಾಕುತ್ತಾರೆ. ಹೆರಿಗೆಯಿಂದಲೇ ದುಡ್ಡು ಮಾಡುವ ಆಸ್ಪತ್ರೆಗೆ ತನ್ನ ವೈದ್ಯೆಯ ಹೆರಿಗೆ ನಷ್ಟವಾಗಿ ಕಾಣುತ್ತದೆ! ಆ ಖರ್ಚಿನಲ್ಲಿ ಸರ್ಕಾರ ಪಾಲು ಹೊರಲಿ ಎಂದು ನಾವು ಕೇಳಬೇಕು. ಅದು ಬಿಟ್ಟು "ಪಾಪ, ಅವರು ಕೇಳೋದ್ರಲ್ಲೂ ನ್ಯಾಯ ಇದೆ" ಎಂದು ತಲೆ ಆಡಿಸಿದರೆ, ನಾಳೆ ನಮ್ಮ ಸೊಸೆಗೂ ಅದೇ ನ್ಯಾಯ.

ಇನ್ನು ಪರೀಕ್ಷೆಯ ಮಾತು. ಸ್ನಾತಕೋತ್ತರ ನೀಟ್ ಎಂದರೆ 200 ಪ್ರಶ್ನೆ, ಮೂರೂವರೆ ಗಂಟೆ, ಕಂಪ್ಯೂಟರಿನ ಮುಂದೆ. 2023ರ ಪರೀಕ್ಷೆ ಮಾರ್ಚ್ 5, 2024ರದು ಆಗಸ್ಟ್ 11, 2025ರದು ಆಗಸ್ಟ್ 3. ಪಂಚಾಂಗ ತೆಗೆದು ನೋಡಿ, ಮೂರೂ ಭಾನುವಾರ. ಚರ್ಚಿಗೆ ರಜೆ ಕೇಳುತ್ತೀಯಾ ಎಂದು ಹಂಗಿಸಿಕೊಂಡವಳು ಭಾನುವಾರವೇ ಹೋಗಿ ಪರೀಕ್ಷೆ ಬರೆದು ಬಂದಳು, ಒಂದು ಗೊಣಗೂ ಇಲ್ಲ. ಈ ಪರೀಕ್ಷೆಯಲ್ಲಿ ತಪ್ಪಿಲ್ಲವೇ? ಬೇಕಾದಷ್ಟಿದೆ. 2024ರಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಮುಂದೂಡಿದರು. ಊರು ಬಿಟ್ಟು ಊರಿಗೆ ಹೋಗಿದ್ದ ಮಕ್ಕಳು ವಸತಿಗೃಹಗಳಲ್ಲಿ ಕೂತು ಅತ್ತರು. 2023ರಲ್ಲಿ ಸೀಟುಗಳು ಖಾಲಿ ಉಳಿದಾವು ಎಂದು ಅರ್ಹತೆಯ ಗೆರೆಯನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಿದರು. ಅಂದರೆ ದುಡ್ಡಿದ್ದರೆ ಖಾಸಗಿ ಸೀಟಿಗೆ ಬಾಗಿಲು ತೆರೆದಂತೆ. ಇದನ್ನು ಅರ್ಹತೆ ಎಂದು ಕರೆಯುವವರಿಗೆ ನಾಚಿಕೆ ಇಲ್ಲ.

ಸಂದರ್ಶನ ಮಾಡಿ ಆರಿಸುವ ಹಕ್ಕು ನಮಗಿರಲಿ ಎಂದು ಕೋರ್ಟಿಗೆ ಹೋದವರೂ ಉಂಟು. ವೆಲ್ಲೂರಿನ ಸಿ.ಎಂ.ಸಿ. ಹಳ್ಳಿಯ ಮಿಷನ್ ಆಸ್ಪತ್ರೆಗಳಿಗೆ ಹೋಗಿ ಸೇವೆ ಮಾಡುವ ಮನಸ್ಸಿನವರನ್ನು ಮುಖ ನೋಡಿ, ಮಾತಾಡಿಸಿ ಆರಿಸುತ್ತಿತ್ತು. ನೀಟ್ ಬಂದಾಗ ಒಪ್ಪದೆ 2017ರಲ್ಲಿ ಎಂ.ಬಿ.ಬಿ.ಎಸ್.ಗೆ ಒಬ್ಬರನ್ನು ಮಾತ್ರ ಸೇರಿಸಿಕೊಂಡಿತು. 2020ರ ಏಪ್ರಿಲ್ 29ರಂದು ಸುಪ್ರೀಂ ಕೋರ್ಟು, ಅಲ್ಪಸಂಖ್ಯಾತರ ಕಾಲೇಜುಗಳಿಗೂ ನೀಟ್ ಕಡ್ಡಾಯ ಎಂದು ತೀರ್ಪು ಕೊಟ್ಟಿತು. ನನಗೆ ಆ ಕಾಲೇಜಿನ ಸಂಕಟ ಅರ್ಥವಾಗುತ್ತದೆ. ಯಂತ್ರಕ್ಕೆ ಹುಡುಗಿಯ ಕರುಣೆ ಕಾಣುವುದಿಲ್ಲ ಎಂಬುದು ನಿಜ. ಆದರೆ ಯಂತ್ರಕ್ಕೆ ಅವಳ ಹೆಸರೂ ಕಾಣುವುದಿಲ್ಲ. ಆಯಾಳ ಮಗಳಿಗೆ ಅದೂ ಒಂದು ಕರುಣೆಯೇ. ಒಳ್ಳೆಯವರು ಮಾಡಿದ ಸಂದರ್ಶನ ಸೇವೆಯ ಮನಸ್ಸನ್ನು ಗುರುತಿಸೀತು. ನಮ್ಮಂಥವರು ಮಾಡಿದ ಸಂದರ್ಶನ "ನಿಮ್ಮವರಿಗೆ ನರ್ಸಿಂಗ್" ಎಂದು ಕಳಿಸೀತು. ಆ ಮೇಜಿನ ಹಿಂದೆ ಒಮ್ಮೆ ಕೂತಿದ್ದವಳಾಗಿ ಹೇಳುತ್ತೇನೆ, ನಾವು ಸರಿಹೋಗುವ ತನಕ ಹೆಸರು ಕೇಳದ ಪರೀಕ್ಷೆಯೇ ಬಡವರ ಮಕ್ಕಳಿಗೆ ವಾಸಿ.

ಕೆಲಸಕ್ಕೆ ಮಾತ್ರ ಸಂದರ್ಶನ ತಪ್ಪಿದ್ದಲ್ಲ. ಅಲ್ಲಾದರೂ ಪ್ರಶ್ನೆಗಳು ಮೊದಲೇ ಬರೆದಿರಲಿ, ಎಲ್ಲರಿಗೂ ಅವೇ ಇರಲಿ. ಧರ್ಮ, ಜಾತಿ, ಮದುವೆ, ಮಕ್ಕಳ ಮಾತು ಎತ್ತಿದವರನ್ನು ಆ ಮೇಜಿನಿಂದ ಎಬ್ಬಿಸಲಿ. ಹೆಂಗಸೊಬ್ಬಳು ಅಲ್ಲಿ ಕೂತಿದ್ದರೆ ಸಾಕು ಎಂದು ಮಾತ್ರ ತಿಳಿಯಬೇಡಿ. ಮದುವೆಯ ಪ್ರಶ್ನೆ ಕೇಳಿದವರು ಹೆಂಗಸೇ. ನರ್ಸಿಂಗ್ ಎಂದವಳೂ ಹೆಂಗಸೇ.

ನನ್ನ ಶಿಷ್ಯೆಗೆ ಆ ಆಸ್ಪತ್ರೆಯಲ್ಲಿ ಕೆಲಸ ಸಿಗಲಿಲ್ಲ. ಪರೀಕ್ಷೆಯಲ್ಲಿ ಮಾತ್ರ ಒಳ್ಳೆಯ ರ‍್ಯಾಂಕ್ ಬಂತು. ಊರಿನಿಂದ ಬಹು ದೂರದ ಒಂದು ಸರ್ಕಾರಿ ಕಾಲೇಜಿನಲ್ಲಿ ಪ್ರಸೂತಿ ವಿಭಾಗದ ಸೀಟು ಸಿಕ್ಕಿದೆ. ಹೊರಡುವ ಹಿಂದಿನ ದಿನ ತಾಯಿ ಮಗಳು ಇಬ್ಬರೂ ಬಂದಿದ್ದರು. ನಾನು ಅಂದು ಹೇಳಿದ್ದಕ್ಕೆ ಕ್ಷಮೆ ಕೇಳಿದೆ. ತಾಯಿ ಗಾಬರಿಯಾಗಿ, "ಬಿಡಿ ಮೇಡಂ, ನೀವು ನಮ್ಮ ಒಳ್ಳೇದಕ್ಕೇ ಹೇಳಿದ್ರಿ" ಎಂದರು. ಮಗಳು ಹಾಗೆನ್ನಲಿಲ್ಲ. "ಈ ವರ್ಷದ ಹುಡುಗೀರಿಗೆ ಏನು ಹೇಳ್ತೀರಾ ಮೇಡಂ?" ಎಂದಳು. ಅವಳು ನನಗೆ ಮಾಡಿದ ಸಂದರ್ಶನ ಅದು. ಸರಿಯಾದ ಪ್ರಶ್ನೆ ಹೇಗಿರಬೇಕೆಂದು ನನಗೆ ಅಂದು ತಿಳಿಯಿತು.

ಈ ಪುಟ ಓದುತ್ತಿರುವ ನಿಮ್ಮಲ್ಲೂ ತಾಯಂದಿರಿದ್ದೀರಿ, ಟೀಚರುಗಳಿದ್ದೀರಿ, ಮನೆ ಬಾಡಿಗೆಗೆ ಕೊಡುವವರಿದ್ದೀರಿ, ಸೊಸೆ ಹುಡುಕುತ್ತಿರುವವರಿದ್ದೀರಿ. ಮುಂದಿನ ಸಲ ಓದುವ ಹುಡುಗಿಯೊಬ್ಬಳು ನಿಮ್ಮ ಬಾಗಿಲಿಗೆ ಬಂದರೆ, ಏನು ಓದುತ್ತೀಯಮ್ಮ, ಊಟ ಆಯಿತೇ, ರಾತ್ರಿ ಪಾಳಿ ಮುಗಿಸಿ ಹೇಗೆ ಬರುತ್ತೀಯೆ ಎಂದು ಕೇಳಿ. ಮಿಕ್ಕದ್ದನ್ನು ಬಾಯಲ್ಲೇ ತಡೆಯಿರಿ. ಯಾಕೆಂದರೆ ನಾಳೆ ನಡುರಾತ್ರಿಯಲ್ಲಿ ನಿಮ್ಮ ಮಗಳನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗಿ, ಲೇಡಿ ಡಾಕ್ಟರು ಇದ್ದಾರಾ ಎಂದು ನೀವು ಕೂಗಿದಾಗ, ಒಳಗಿಂದ ಎದ್ದು ಬರುವವಳು ನಿಮ್ಮದು ಯಾವ ಜನ ಎಂದು ಕೇಳುವುದಿಲ್ಲ.